ಊರಿನ ಕೋಣೆ

ಮಸ್ಕತ್ತಿನ ರೂವಿಯಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಇದ್ದದ್ದು ನಮಗಾಗಿ ಅಲ್ಲ, ರಟ್ಟಿನ ಪೆಟ್ಟಿಗೆಗಳಿಗಾಗಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕೆಳಗೆ ಒಂದು ದರ್ಜಿ ಅಂಗಡಿ, ಪಕ್ಕದಲ್ಲಿ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್ ಇದ್ದ ಹಳೆಯ ಕಟ್ಟಡದ ಎರಡನೇ ಮಾಳಿಗೆ ಅದು. ಎರಡು ಕೋಣೆ, ಒಂದು ಹಾಲ್, ಅಮ್ಮ ದೋಸೆ ಹುಯ್ಯುತ್ತಿದ್ದರೆ ಉಳಿದವರು ಬಾಗಿಲಲ್ಲೇ ನಿಂತು ತಟ್ಟೆ ಚಾಚಬೇಕಾದಷ್ಟು ಇಕ್ಕಟ್ಟಿನ ಅಡುಗೆಮನೆ. ಗೋಡೆಗಳಲ್ಲಿ ಎಸಿ ಕೂರಿಸಲೆಂದೇ ಬಿಟ್ಟ ಚೌಕದ ತೂತುಗಳು ಎಲ್ಲ ಕಡೆಯೂ ಇದ್ದವು. ಒಂದರಲ್ಲಿ ಮಾತ್ರ ಎಸಿ ಇತ್ತು. ಉಳಿದವುಗಳಿಗೆ ಅಪ್ಪ ಪ್ಲೈವುಡ್ ಹೊಡೆದು, ಸಂದಿಗೆ ಬಟ್ಟೆ ತುರುಕಿದ್ದರು. ಎಸಿ ಇದ್ದ ಆ ಒಳಕೋಣೆಗೆ ನಮ್ಮ ಮನೆಯಲ್ಲಿ ‘ಊರಿನ ಕೋಣೆ’ ಎಂದು ಹೆಸರು. ಯಾರು ಇಟ್ಟರೋ ಗೊತ್ತಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಹೆಸರು ಇತ್ತು, ಪೆಟ್ಟಿಗೆಗಳೂ ಇದ್ದವು.

ಅಪ್ಪ ರೂವಿಯ ದೊಡ್ಡ ಬೀದಿಯಲ್ಲಿದ್ದ ವಿದ್ಯುತ್ ಉಪಕರಣಗಳ ಅಂಗಡಿಯಲ್ಲಿ ಸೇಲ್ಸ್‌ಮನ್. ಫ್ರಿಜ್ಜು, ವಾಷಿಂಗ್ ಮಶಿನ್ನು, ಎಸಿ, ಮಿಕ್ಸಿ ಯಾವುದನ್ನು ಬೇಕಾದರೂ ಅರಬ್ಬಿ, ಹಿಂದಿ, ಮಲಯಾಳ, ತುಳು, ಕನ್ನಡ ಎಲ್ಲದರಲ್ಲೂ ಮಾರಬಲ್ಲವರು. ಎಸಿ ಕೊಂಡವರಿಗೆ ಕೊನೆಯಲ್ಲಿ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ನಾನು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಗಿತ್ತು.

"ಕೂರಿಸುವಾಗ ಹೊರಗಿನ ಬದಿ ಸ್ವಲ್ಪ ಇಳಿಜಾರು ಇರ್ಬೇಕು ಮಾರ್ರೆ. ನೀರು ಹೊರಗೆ ಹೋಗ್ಬೇಕು. ಒಳಗೆ ಬಂತೋ, ಗೋಡೆ ಕೂಡ ಹಾಳು, ಸಾಮಾನು ಕೂಡ ಹಾಳು."

ಹೀಗೆ ಊರವರ ಮನೆಗಳನ್ನೆಲ್ಲ ತುಂಬಿಸುತ್ತಿದ್ದ ಅಪ್ಪ ತಮ್ಮ ಮನೆಯನ್ನೂ ತುಂಬಿಸುತ್ತಿದ್ದರು. ಆದರೆ ಅವರ ಮಟ್ಟಿಗೆ ‘ಮನೆ’ ಎಂದರೆ ಉಡುಪಿಯ ಹತ್ತಿರ, ನಮ್ಮ ಚಿಕ್ಕಪ್ಪನ ಉಸ್ತುವಾರಿಯಲ್ಲಿ, ಕೆಂಪುಕಲ್ಲಿನಲ್ಲಿ ನಿಧಾನವಾಗಿ ಏಳುತ್ತಿದ್ದ ಮನೆ. ಅಡಿಪಾಯದ ಫೋಟೋ ಬಂದಾಗ ಒಂದು ಮಿಕ್ಸಿ, ಗೋಡೆ ಎದ್ದ ಫೋಟೋ ಬಂದಾಗ ಫ್ರಿಜ್ಜು, ಬಾಗಿಲಿನ ದಾರಂದ ನಿಲ್ಲಿಸಿದಾಗ ವಾಷಿಂಗ್ ಮಶಿನ್ನು. ಹೀಗೆ ಅಲ್ಲಿ ಒಂದೊಂದು ಕಲ್ಲು ಏರಿದ ಹಾಗೆ ಇಲ್ಲಿ ಒಂದೊಂದು ಪೆಟ್ಟಿಗೆ ಏರುತ್ತಿತ್ತು. ಮನೆ ಒಕ್ಕಲು ‘ಬರುವ ವರ್ಷ’. ಎಲ್ಲವೂ ಒಟ್ಟಿಗೆ ಹಡಗಿನಲ್ಲಿ ಹೋಗಬೇಕು, ಒಟ್ಟಿಗೆ ಹೊಸ ಮನೆಯಲ್ಲಿ ಬಿಚ್ಚಬೇಕು, ನೆಂಟರೆಲ್ಲ ಮೂಗಿನ ಮೇಲೆ ಬೆರಳಿಡಬೇಕು. ಅಪ್ಪನ ಆಸೆ ಅಷ್ಟೇ. ಅದನ್ನು ದೊಡ್ಡ ತಪ್ಪೆಂದು ನಾನು ಈಗಲೂ ಹೇಳಲಾರೆ. ಮನೆಗೆಲಸದ ಆಳು ಮಲಗುವ ಜಗಲಿಯಲ್ಲಿ ಮಲಗಿ ಬೆಳೆದ ಮನುಷ್ಯ ಅವರು. ಅವರಿಗೆ ಹೊಳೆಯುವ ಫ್ರಿಜ್ಜಿನ ಬಾಗಿಲು ಬರೇ ಬಾಗಿಲಾಗಿ ಕಾಣುತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಊರಿನ ಕೋಣೆಯಲ್ಲೇ ಇಡಲು ಅವರ ಹತ್ತಿರ ಕಾರಣವಿತ್ತು. ಮಸ್ಕತ್ತಿನ ಬೇಸಿಗೆಗೆ ರಬ್ಬರು ಸಡಿಲವಾಗುತ್ತದೆ, ವಯರಿನ ಮೇಲಿನ ಪ್ಲಾಸ್ಟಿಕ್ಕು ಬಿರಿಯುತ್ತದೆ, ಆದ್ದರಿಂದ ಅವು ತಂಪಿನಲ್ಲಿರಬೇಕು. ನಾವೂ ತಂಪಿನಲ್ಲಿ ಮಲಗಬೇಕಿದ್ದರೆ ಅವುಗಳ ನಡುವೆಯೇ ಮಲಗಬೇಕಿತ್ತು. ಗೋಡೆಗೆ ಒತ್ತಿ ಎಸಿಯ ಕೆಳಗೆ ದೊಡ್ಡ ಪೆಟ್ಟಿಗೆಗಳು, ಅವುಗಳ ಮೇಲೆ ಸಣ್ಣವು, ನಡುವೆ ಉಳಿದ ಓಣಿಯಲ್ಲಿ ನಾಲ್ಕೂ ಜನರ ಹಾಸಿಗೆ. ನಾನು ಅಕ್ಷರ ಕಲಿಯುವ ಮೊದಲು ಕಲಿತದ್ದು ಆ ರಟ್ಟಿನ ಮೇಲಿನ ಗುರುತುಗಳನ್ನು. ಮೇಲ್ಮುಖದ ಎರಡು ಬಾಣ ಅಂದರೆ ತಲೆಕೆಳಗೆ ಮಾಡಬೇಡಿ. ಗಾಜಿನ ಲೋಟ ಅಂದರೆ ಮೆಲ್ಲಗೆ ಹಿಡಿಯಿರಿ. ಬಿಚ್ಚಿದ ಕೊಡೆ ಅಂದರೆ ನೀರು ತಾಗಿಸಬೇಡಿ. ಆಯುಧ ಪೂಜೆಯ ದಿನ ಅಪ್ಪ ಸ್ನಾನ ಮಾಡಿ, ಪಂಚೆ ಉಟ್ಟು, ಪ್ರತಿ ಪೆಟ್ಟಿಗೆಗೂ ಗಂಧ ಕುಂಕುಮ ಹಚ್ಚಿ ಹೂವಿಡುತ್ತಿದ್ದರು. ಊರಿನಲ್ಲಿ ಜನ ಓಡುವ ಗಾಡಿಗೆ, ಉಪಯೋಗಿಸುವ ಕತ್ತಿಗೆ ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಒಮ್ಮೆಯೂ ತಿರುಗದ ಮೋಟಾರುಗಳಿಗೆ ಪೂಜೆ. ವರ್ಷ ಹೋದ ಹಾಗೆ ರಟ್ಟಿನ ಮೇಲೆ ಹಳೆಯ ಕುಂಕುಮದ ಪಕ್ಕ ಹೊಸ ಕುಂಕುಮ ಸೇರುತ್ತಿತ್ತು.

ನಾವು ಉಪಯೋಗಿಸುತ್ತಿದ್ದದ್ದು ಬೇರೆಯೇ ಸಾಮಾನುಗಳು. ಊರಿಗೆ ಹೊರಟ ಯಾರೋ ಬಿಟ್ಟುಹೋದ ಫ್ರಿಜ್ಜು. ಅದರ ಬಾಗಿಲು ನಿಲ್ಲುತ್ತಿರಲಿಲ್ಲವಾದ್ದರಿಂದ ಅಪ್ಪನ ಹಳೆಯ ಬೆಲ್ಟು ಸುತ್ತಿ ಕಟ್ಟಿರುತ್ತಿತ್ತು. ಹಾಲು ಬೇಕಾದರೆ ಮೊದಲು ಬೆಲ್ಟು ಬಿಚ್ಚಬೇಕು. ಒಂದು ಇಸ್ತ್ರಿಪೆಟ್ಟಿಗೆ, ಅದನ್ನು ಹಾಕುವಾಗ ಎಸಿ ನಿಲ್ಲಿಸಬೇಕು, ಇಲ್ಲವಾದರೆ ಫ್ಯೂಸ್ ಹೋಗುತ್ತದೆ. ಎಸಿ ಹಾಕುವ ಹೊತ್ತನ್ನು ಅಪ್ಪ ದೇವಸ್ಥಾನದ ನಡೆ ತೆಗೆಯುವ ಹೊತ್ತಿನಂತೆ ನಡೆಸುತ್ತಿದ್ದರು: ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಒಮ್ಮೆ, ಮಲಗುವಾಗ ಇನ್ನೊಮ್ಮೆ. ಸ್ನಾನದ ಮನೆಯಲ್ಲಿ ಬಿಸಿನೀರಿನ ಗೀಸರು ಇತ್ತು. ಏಪ್ರಿಲ್ ಬಂತೆಂದರೆ ಅದರ ಸ್ವಿಚ್ಚು ಬಂದ್. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಕೈ ಇಡಲಾಗದಷ್ಟು ಸುಡುತ್ತಿತ್ತು. ಗೀಸರಿನ ಹೊಟ್ಟೆಯೊಳಗೆ ನೆರಳಿನಲ್ಲಿ ನಿಂತ ನೀರು ಮಾತ್ರ ತಂಪು. ಹಾಗಾಗಿ ಆರು ತಿಂಗಳು ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿ ನಲ್ಲಿಯಲ್ಲಿ ಬಿಸಿನೀರು. ಅದನ್ನು ಯಾರೂ ವಿಚಿತ್ರವೆಂದು ಎಣಿಸುತ್ತಿರಲಿಲ್ಲ.

ಬಟ್ಟೆ ಒಗೆಯುವುದು ಅಮ್ಮ, ಅದೇ ಸ್ನಾನದ ಮನೆಯ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು. ಅಪ್ಪನ ಅಂಗಡಿಯ ಬಿಳಿ ಅಂಗಿ, ನನ್ನ ಮತ್ತು ತಮ್ಮ ದೀಪುವಿನ ಶಾಲೆಯ ಸಮವಸ್ತ್ರ, ಧೂಳಿನ ಗಾಳಿ ಬೀಸಿದ ದಿನ ಹಾಸಿಗೆಯ ಬಟ್ಟೆಗಳೂ. ಹಿಂಡಿ, ಬಕೆಟಿನಲ್ಲಿ ಹೊತ್ತು ತಾರಸಿಗೆ ಒಯ್ದು ಹರವಿ ಕೆಳಗಿಳಿಯುವಷ್ಟರಲ್ಲಿ ಮೊದಲು ಹರವಿದ್ದು ಹಪ್ಪಳದ ಹಾಗೆ ಒಣಗಿರುತ್ತಿತ್ತು. ಎದುರು ಮನೆಯಲ್ಲಿ ಹಿಲ್ಡಾ ಆಂಟಿ ಇದ್ದರು. ಮಂಗಳೂರಿನವರು, ಮಸ್ಕತ್ತಿನದೇ ಇನ್ನೊಂದು ಬಡಾವಣೆಯಾದ ಖುರುಮ್‌ನ ಒಂದು ಕಚೇರಿಯಲ್ಲಿ ಕೆಲಸ. ಅವರ ಮನೆಯಲ್ಲಿ ವಾಷಿಂಗ್ ಮಶಿನ್ನು ದಿನಾ ಸದ್ದು ಮಾಡುತ್ತಿತ್ತು, ಕೋಣೆಗೊಂದು ಎಸಿ ಇತ್ತು. ಅವರು ನಮ್ಮ ಪೆಟ್ಟಿಗೆಗಳನ್ನು ತಮಾಷೆ ಮಾಡದೆ ಹೋದ ದಿನವಿಲ್ಲ.

"ನಿಮ್ಮಲ್ಲಿ ಎಂತ ಮಾರಾಯ್ತಿ, ಸಾಮಾನಿಗೆ ಎಸಿ, ಮನುಷ್ಯರಿಗೆ ಬೀಸಣಿಗೆ! ಮುಂದಿನ ಜನ್ಮದಲ್ಲಿ ನಾನು ನಿನ್ನ ಗಂಡನ ಫ್ರಿಜ್ಜಾಗಿ ಹುಟ್ತೇನೆ ಸುಮತಿ."

ಅಮ್ಮ ನಗುತ್ತಿದ್ದಳು. ಬಾಗಿಲು ಹಾಕಿಕೊಂಡ ಮೇಲೆ ಆ ನಗು ಇರುತ್ತಿರಲಿಲ್ಲ. ಅವಳು ಬಾಯಿ ಜೋರಿನ ಹೆಂಗಸಲ್ಲ, ಆದರೆ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಅದನ್ನು ಬಿಡುವವಳೂ ಅಲ್ಲ. ಆ ಸ್ವಭಾವ ನನಗೂ ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ, ಹೊಗಳಿಕೆಯಾಗಿ ಅಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಮ್ಮನ ಕೈ ಒಡೆಯಲು ಶುರುವಾಯಿತು. ಮೊದಲು ಬೆರಳಿನ ಸಂದಿಯಲ್ಲಿ ತುರಿಕೆ, ಆಮೇಲೆ ಅಂಗೈಯಲ್ಲಿ ಬಿರುಕು, ಬಿರುಕಿನಲ್ಲಿ ರಕ್ತ. ತೆಂಗಿನೆಣ್ಣೆ ಹಚ್ಚಿದರೂ, ಊರಿನಿಂದ ತರಿಸಿದ ಮುಲಾಮು ಹಚ್ಚಿದರೂ ಜಪ್ಪಯ್ಯ ಎನ್ನಲಿಲ್ಲ. ಮೀನಿಗೆ ಮೆಣಸು ಹಚ್ಚುವಾಗ ಅವಳು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ಅನ್ನ ಕಲಸಲಾಗದೆ ಚಮಚದಲ್ಲಿ ಊಟ ಮಾಡಿದಳು. ಚಮಚದಲ್ಲಿ ಗಂಜಿ ಉಣ್ಣುವ ಅಮ್ಮ ನನಗೆ ಯಾರೋ ಬೇರೆಯವಳ ಹಾಗೆ ಕಾಣುತ್ತಿದ್ದಳು. ಕೊನೆಗೆ ಹಿಲ್ಡಾ ಆಂಟಿಯೇ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ಮದ್ದು ಕೊಟ್ಟು, ಸೋಪಿನ ನೀರು ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು. ಅವತ್ತು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಅಮ್ಮ ಬಡಿಸಿ, ಎದುರಿಗೆ ಕೂತು, ಎರಡೂ ಅಂಗೈಗಳನ್ನು ತಟ್ಟೆಯ ಪಕ್ಕದಲ್ಲಿ ಮೇಲ್ಮುಖವಾಗಿ ಇಟ್ಟಳು.

"ಆ ಮಶಿನ್ ತೆಗೀರಿ," ಎಂದಳು.

ಅಪ್ಪ ಕೈ ನೋಡಿದರು. ಅವರಿಗೆ ಸಂಕಟವಾಯಿತು ಎಂಬುದು ನನಗೆ ಕಂಡಿತು. ಆದರೂ ಅವರ ಬಾಯಿಂದ ಬಂದದ್ದು ಇದು:

"ಮನೆ ಒಕ್ಕಲಿಗೆ ಇನ್ನೆಷ್ಟು ಸಮಯ ಉಂಟು? ಸ್ಲಾಬ್ ಆಗಿದೆ. ಬರುವ ವರ್ಷ ಆಗಿಯೇ ಆಗ್ತದೆ. ಇದು ಬಾಡಿಗೆ ಮನೆ, ಇಲ್ಲಿ ತೆಗ್ದು ಹಳೇದು ಮಾಡಿ ಊರಿಗೆ ಕೊಂಡೋಗುದಾ?"

"ನೀವು ಪ್ರತಿ ವರ್ಷ ಬರುವ ವರ್ಷ ಹೇಳ್ತೀರಿ."

"ಬಟ್ಟೆ ನಾನು ಒಗೀತೇನೆ. ನೀನು ನೀರು ಮುಟ್ಬೇಡ. ಆಯ್ತಲ್ಲ?"

ಅಮ್ಮ ಕೈ ತೆಗೆದಳು. ಆಮೇಲೆ ಅವಳು ಹೇಳಿದ ಮಾತು ನಮ್ಮ ಮನೆಯ ಅಷ್ಟೂ ವರ್ಷಗಳಲ್ಲಿ ನಾನು ಕೇಳಿದ ಅತ್ಯಂತ ಗಟ್ಟಿಯಾದ ಮಾತು, ಅವಳ ದನಿ ಏರದಿದ್ದರೂ.

"ಸಾಮಾನೆಲ್ಲ ಊರಿಂದು. ನಾವು ಮಾತ್ರ ಇಲ್ಲಿಯವರು. ಹಾಗಾದ್ರೆ ನಮ್ಮನ್ನೂ ಸಾಮಾನಿನ ಒಟ್ಟಿಗೆ ಊರಿಗೇ ಕಳಿಸಿ. ಶಾಲೆಗೆ ರಜೆ ಸಿಕ್ಕಿದ ಕೂಡ್ಲೆ ಮಕ್ಕಳನ್ನು ಕರ್ಕೊಂಡು ಹೋಗ್ತೇನೆ. ವಾಪಸು ಬರುದಿಲ್ಲ. ಮನೆ ಆದ ಮೇಲೆ ನೀವೇ ಬನ್ನಿ."

ಅಪ್ಪ ಉಣ್ಣುವುದನ್ನು ನಿಲ್ಲಿಸಲಿಲ್ಲ. ಆದರೆ ಅವತ್ತು ಊಟದ ನಂತರ ಅವರು ಎಸಿ ಹಾಕಲು ಮರೆತರು. ನಾವೆಲ್ಲ ಬೆವರುತ್ತ ಹಾಲ್‌ನಲ್ಲಿಯೇ ಕೂತಿದ್ದೆವು.

ನನಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯರಲ್ಲಿ ಒಬ್ಬಿಬ್ಬರು ಪ್ರತಿ ಬೇಸಿಗೆ ರಜೆಗೆ ಊರಿಗೆ ಹೋದವರು ಮರಳಿ ಬರುತ್ತಿರಲಿಲ್ಲ. ಆಮೇಲೆ ಅವರ ಅಪ್ಪಂದಿರು ರೂವಿಯ ಬೀದಿಯಲ್ಲಿ ಸಿಕ್ಕರೆ ನಮ್ಮನ್ನು ನಿಲ್ಲಿಸಿ ಸುಮ್ಮನೆ ಮಾತಾಡಿಸುತ್ತಿದ್ದರು, ಕಾರಣವಿಲ್ಲದೆ ಚಾಕಲೇಟು ಕೊಡಿಸುತ್ತಿದ್ದರು. ಫ್ಯಾಮಿಲಿ ಇದ್ದವರು ಅವರನ್ನು ಊರಿಗೆ ಕಳಿಸಿ, ಒಂಟಿ ಗಂಡಸರು ಹಂಚಿಕೊಂಡಿರುವ ಬ್ಯಾಚುಲರ್ ರೂಮಿಗೆ ಹೋಗುವುದು ಎಂದರೆ ಏನೆಂದು ನಾನು ಆ ಚಾಕಲೇಟುಗಳಿಂದ ತಿಳಿದಿದ್ದೆ. ನಮ್ಮ ಅಪ್ಪನೂ ಹಾಗೆ ಬೇರೆ ಮಕ್ಕಳಿಗೆ ಚಾಕಲೇಟು ಕೊಡಿಸುತ್ತ ನಿಲ್ಲುವುದನ್ನು ಎಣಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಅವರು ಅಂಗಡಿಗೆ ಹೊರಡುವ ಮೊದಲು ಬೂಟು ಹಾಕುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ.

"ಅಪ್ಪ, ನಾವು ಹೋದ್ರೆ ನೀವು ಎಸಿ ಹಾಕ್ತೀರಾ?"

"ಒಬ್ಬನಿಗೆ ಎಂತಕ್ಕೆ ಮಗಾ? ನಾನು ಈ ಮನೆ ಬಿಟ್ಟು ನಾಲ್ಕು ಜನರ ರೂಮಿಗೆ ಹೋಗ್ತೇನೆ. ಅಲ್ಲಿ ಉಂಟು ಎಸಿ."

"ಪೆಟ್ಟಿಗೆ?"

"ಪೆಟ್ಟಿಗೆ ಅಂಗಡಿಯ ಗೋದಾಮಿನಲ್ಲಿ. ಅರ್ಬಾಬನ ಹತ್ರ ಕೇಳಿದ್ದೇನೆ. ಅಲ್ಲಿ ಕೂಡ ತಂಪು ಉಂಟು."

ಅರ್ಬಾಬ ಎಂದರೆ ಅಂಗಡಿಯ ಒಮಾನಿ ಧಣಿ. ಅಪ್ಪ ಎಲ್ಲ ಏರ್ಪಾಡು ಮಾಡಿ ಆಗಿತ್ತು. ಪೆಟ್ಟಿಗೆಗಳಿಗೆ ತಂಪಾದ ಜಾಗ ಸಿಕ್ಕಿತ್ತು, ಅವರಿಗೆ ಒಂದು ಮಂಚ ಸಿಕ್ಕಿತ್ತು, ನಮಗೆ ಟಿಕೇಟಿನ ಮಾತು ನಡೆದಿತ್ತು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ರಟ್ಟನ್ನು ಹರಿದರೆ ಮುಗಿಯುವ ಜಗಳಕ್ಕೆ ಈ ಮನುಷ್ಯ ಹೆಂಡತಿ ಮಕ್ಕಳನ್ನೇ ಕಳಿಸಲು ಹೊರಟಿದ್ದಾರಲ್ಲ ಎಂದು.

ಹೇಳಿದ ಹಾಗೆ ಬಟ್ಟೆ ಮಾತ್ರ ಅಪ್ಪನೇ ಒಗೆದರು. ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ಉಳಿದ ಗಂಡಸರೆಲ್ಲ ಊಟ ಮಾಡಿ ಮಲಗುವಾಗ, ಅವರು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ಸ್ನಾನದ ಮನೆ ಸೇರುತ್ತಿದ್ದರು. ಒಗೆಯಲು ಬರುತ್ತಿರಲಿಲ್ಲ. ಕಾಲರು ಉಜ್ಜಿ ಉಜ್ಜಿ ನೂಲು ಎಬ್ಬಿಸಿದರು. ಅಮ್ಮನ ಕೆಂಪು ಸೀರೆಯ ಜೊತೆ ನಮ್ಮ ಸಮವಸ್ತ್ರ ನೆನೆಸಿ, ನಾನೂ ದೀಪುವೂ ನಸುಗೆಂಪು ಅಂಗಿಯಲ್ಲಿ ಶಾಲೆಗೆ ಹೋಗಿ ಬೈಸಿಕೊಂಡು ಬಂದೆವು. ತಾರಸಿಯಲ್ಲಿ ಹೆಂಗಸರ ನಡುವೆ ನಿಂತು ಬಟ್ಟೆ ಹರವುವ ಗಂಡಸು ಆ ಕಟ್ಟಡದಲ್ಲಿ ಅವರೊಬ್ಬರೇ. ಅವರಿಗೆ ಆ ಬಗ್ಗೆ ನಾಚಿಕೆ ಇರಲಿಲ್ಲ. ಹೆಂಡತಿಗಾಗಿ ಯಾವ ಕಷ್ಟವನ್ನೂ ಪಡಲು ತಯಾರಿದ್ದರು. ಆ ಪೆಟ್ಟಿಗೆ ತೆರೆಯುವುದೊಂದನ್ನು ಬಿಟ್ಟು. ಬೆನ್ನು ಹಿಡಿದುಕೊಂಡು ಅವರು ಹೊರಗೆ ಬಂದಾಗ ಅಮ್ಮ ಚಹಾ ಇಟ್ಟು ಕಾಯುತ್ತಿದ್ದಳು. ಅಂಗೈಯ ಬಿರುಕು ನಿಧಾನವಾಗಿ ಕೂಡುತ್ತಿತ್ತು.

"ಕೈ ಕಮ್ಮಿ ಆಯ್ತಲ್ಲ," ಎಂದರು ಅಪ್ಪ ಒಂದು ದಿನ, ಸ್ವಲ್ಪ ಗೆದ್ದವರ ದನಿಯಲ್ಲಿ. "ಇನ್ನು ಹೋಗುದು ಎಂತದಕ್ಕೆ?"

"ಕೈಯ ವಿಷಯ ಅಲ್ಲ ಅದು. ನಾನು ಕೇಳಿದ್ದು ಬಟ್ಟೆ ಯಾರು ಒಗೀತಾರೆ ಅಂತಲೂ ಅಲ್ಲ."

"ಮತ್ತೆಂತ ಕೇಳಿದ್ದು?"

"ನಾವು ಇಲ್ಲಿ ಇದ್ದೇವಾ ಇಲ್ವಾ? ಅದು ಹೇಳಿ. ಮಕ್ಕಳು ಇಲ್ಲಿ ಹುಟ್ಟಿದ್ದು. ನಾನು ಮದುವೆ ಆಗಿ ಬಂದದ್ದು ಇಲ್ಲಿಗೆ. ನನಗೆ ವಯಸ್ಸಾಗ್ತಾ ಇರುದು ಇಲ್ಲಿ. ಇದೆಲ್ಲ ಲೆಕ್ಕಕ್ಕೆ ಉಂಟಾ ಇಲ್ವಾ? ಇಲ್ಲ ಅಂತಾದ್ರೆ ಲೆಕ್ಕಕ್ಕೆ ಇರುವಲ್ಲಿಗೆ ನಾನು ಹೋಗ್ತೇನೆ."

ಅಪ್ಪ ಚಹಾ ಕುಡಿದರು, ಲೋಟ ತೊಳೆದಿಟ್ಟರು, ಅಂಗಡಿಗೆ ಹೋದರು.

ಆ ದಿನಗಳಲ್ಲಿ ಊರಿನ ಕೋಣೆಯಲ್ಲಿ ಒಂದು ಕಮಟು ವಾಸನೆ ಬರುತ್ತಿತ್ತು. ಬಂದು ತುಂಬ ಕಾಲವಾಗಿತ್ತೇನೋ, ಅದರಲ್ಲೇ ಮಲಗುವ ನಮ್ಮ ಮೂಗಿಗೆ ಗೊತ್ತಾಗುತ್ತಿರಲಿಲ್ಲ. ಅಮ್ಮ ಮಾತ್ರ ಒಂದೆರಡು ಸಲ ಆ ಮಾತು ಎತ್ತಿದ್ದಳು, ಅಪ್ಪ ರಟ್ಟಿನ ವಾಸನೆ ಎಂದಿದ್ದರು. ಪೆಟ್ಟಿಗೆಗಳ ಹಿಂದೆ ಇಣುಕಲು ಸಂದಿಯೇ ಇರಲಿಲ್ಲ. ಅವನ್ನು ಜರಗಿಸುವುದಕ್ಕೆ ಅಪ್ಪ ಬಿಡುತ್ತಲೂ ಇರಲಿಲ್ಲ.

ರಜೆ ಶುರುವಾಗುವ ಮೊದಲಿನ ಶುಕ್ರವಾರ ಅಂಗಡಿಗೆ ಬೆಳಿಗ್ಗೆ ರಜೆ. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಬೀದಿಯಲ್ಲಿ ಒಂದು ಟ್ಯಾಕ್ಸಿಯ ಸದ್ದೂ ಇರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದಳು. ನಮ್ಮ ಬಟ್ಟೆಗಳು ಹಾಲ್‌ನ ಮೂಲೆಯಲ್ಲಿ ತೆರೆದ ಸೂಟ್‌ಕೇಸಿನಲ್ಲಿ ಅರ್ಧ ತುಂಬಿದ್ದವು. ಅಪ್ಪ ಬಹಳ ಹೊತ್ತು ಆ ಸೂಟ್‌ಕೇಸನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎದ್ದು, ಕಪಾಟಿನಿಂದ ಅಂಗಡಿಯ ಕಟರ್ ತೆಗೆದುಕೊಂಡು ಊರಿನ ಕೋಣೆಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಎಸಿ ಹಾಕಿದರು. ನಾನೂ ದೀಪುವೂ ಹಿಂದೆಯೇ ಹೋದೆವು. ಒಳಗಿನಿಂದ ಅವರು ಕೂಗಿ ಕರೆದರು.

"ಸುಮತಿ! ಇಲ್ಲಿ ಬಾ."

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. ಅಮ್ಮ ಒಲೆ ಆರಿಸಿ, ಸಟ್ಟುಗ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಸಣ್ಣ ಪೆಟ್ಟಿಗೆಗಳನ್ನು ಇಳಿಸಿ ವಾಷಿಂಗ್ ಮಶಿನ್ನಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದರು. ರಟ್ಟಿನ ಮೇಲಿನ ಕುಂಕುಮವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಪಟ್ಟಿ ಕತ್ತರಿಸಿದರು. ಮೇಲಿನ ಥರ್ಮಕೋಲು ತೆಗೆದಾಗ ಬಿಳಿ ಮುಚ್ಚಳ ಹೊಳೆಯಿತು. ದೀಪು ಚಪ್ಪಾಳೆ ತಟ್ಟಿದ. ಇನ್ನು ನಮ್ಮ ಸೂಟ್‌ಕೇಸು ಖಾಲಿಯಾಗುತ್ತದೆ ಎಂದುಕೊಂಡೆ. ಅಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಮುಂದಕ್ಕೆ ಎಳೆದರು. ಮೇಲಿನ ರಟ್ಟು ಬಂತು. ಅಡಿಯ ರಟ್ಟು ನೆಲಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿಯಿತು, ಅಂಬಲಿಯ ಹಾಗೆ ಮೆತ್ತಗಾಗಿ.

"ಅಪ್ಪಾ, ಇಟ್ಸ್ ವೆಟ್," ಎಂದ ದೀಪು, ಬೆರಳು ಇಟ್ಟು ನೋಡಿ. "ಆಲ್ ವೆಟ್."

ಅಪ್ಪ ಮಶಿನ್ನನ್ನು ಓರೆ ಮಾಡಿದರು. ಅಡಿಯ ತಗಡು ಪೂರ್ತಿ ತುಕ್ಕು. ತುಕ್ಕಿನ ನೀರು ನೆಲದ ಮೇಲೆ ಕೆಂಪಗೆ ಹರಡಿತ್ತು. ಹಿಂದಿನ ಗೋಡೆಗೆ ಕೈ ಇಟ್ಟರು; ಕೈಯ ಜೊತೆಗೆ ಬಣ್ಣದ ಪದರು ಕಳಚಿ ಬಂತು. ಅವರ ಕಣ್ಣು ಗೋಡೆಯ ಮೇಲಿನ ಕರೆಯನ್ನು ಹಿಡಿದು ನಿಧಾನವಾಗಿ ಮೇಲಕ್ಕೆ ಹೋಗಿ ಎಸಿಯ ಮೇಲೆ ನಿಂತಿತು. ಅದು ಒಳಕ್ಕೆ ಓರೆಯಾಗಿತ್ತು. ಯಾವಾಗ ಹಾಗೆ ಕೂತಿತೋ, ಪ್ರತಿ ಮಧ್ಯಾಹ್ನ, ಪ್ರತಿ ರಾತ್ರಿ, ನಾವು ತಣ್ಣಗೆ ಮಲಗಿದ್ದಾಗ ಅದರ ನೀರು ಪೆಟ್ಟಿಗೆಗಳ ಹಿಂದೆ ಗೋಡೆಯಲ್ಲಿ ಇಳಿದು, ಬಿಚ್ಚಿದ ಕೊಡೆಯ ಗುರುತಿದ್ದ ರಟ್ಟಿನೊಳಗೆ ಸೇರುತ್ತಿತ್ತು. ಸಾವಿರ ಮನೆಗೆ ಇಳಿಜಾರಿನ ಪಾಠ ಹೇಳಿದವರು ತಮ್ಮ ತಲೆಯ ಮೇಲಿನ ಎಸಿಯನ್ನು ನೋಡಿರಲಿಲ್ಲ. ಬಿಸಿಲಿನಿಂದ ಉಳಿಸಲೆಂದು ಕೊಟ್ಟ ತಂಪೇ ಅದನ್ನು ತಿಂದುಹಾಕಿತ್ತು.

ಅಪ್ಪ ಒದ್ದೆ ನೆಲದಲ್ಲಿಯೇ ಕೂತುಬಿಟ್ಟರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ಅಪ್ಪ ಅಳುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ತಿಳಿಯದು, ಅವರ ಬೆನ್ನಿಗೆ ಹೋಗಿ ಆತುಕೊಂಡೆ. ಅಮ್ಮ ಈಗ ಒಂದು ಮಾತು ಆಡಿದರೆ ಅಪ್ಪ ಮತ್ತೆ ಏಳಲಾರರು ಎಂದು ಹೆದರಿ ಅವಳ ಮುಖ ನೋಡಿದೆ. ಆಡಬಹುದಾದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಅದಕ್ಕೆ ಅವಳಿಗೆ ಹಕ್ಕೂ ಇತ್ತು. ಅವಳು ಸಟ್ಟುಗವನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟಳು.

"ಮೊದ್ಲು ಎಸಿ ಬಂದ್ ಮಾಡಿ," ಎಂದಳು. "ಆಮೇಲೆ ಉಳಿದದ್ದೆಲ್ಲ ತೆಗೀರಿ. ಹಾಳಾದದ್ದು ಹಾಳಾಯ್ತು. ಹಾಳಾಗದ್ದು ಯಾವುದುಂಟು ನೋಡುವ."

ಬಂಗುಡೆ ತಣ್ಣಗಾಯಿತು. ಊಟದ ಹೊತ್ತು ದಾಟಿತು. ನಾವು ನಾಲ್ಕೂ ಜನ ಬೆವರಿನಲ್ಲಿ ತೊಯ್ದು ಒಂದೊಂದೇ ಪೆಟ್ಟಿಗೆ ಬಿಚ್ಚಿದೆವು. ಫ್ರಿಜ್ಜು ಹಲಗೆಯ ಮೇಲೆ ನಿಂತಿದ್ದರಿಂದ ಉಳಿದಿತ್ತು. ಮೇಲಿದ್ದ ಮಿಕ್ಸಿಗಳು, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಹೊಸದರ ಹಾಗೆಯೇ ಇದ್ದವು. ಒವನ್ನಿನ ಒಳಗೆ ಮಾತ್ರ ಬೂಸ್ಟು. ಅಪ್ಪ ಪ್ರತಿಯೊಂದನ್ನೂ ಹೊರಗೆ ತೆಗೆದು ಒರೆಸಿ ಅಮ್ಮನ ಕೈಗೆ ಕೊಡುತ್ತಿದ್ದರು, ಅಂಗಡಿಯಲ್ಲಿ ಗಿರಾಕಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ. ಅಮ್ಮ ವಾಸಿಯಾಗುತ್ತಿದ್ದ ಅಂಗೈಗಳಲ್ಲಿ ಅದನ್ನು ತೆಗೆದುಕೊಂಡು ಅಡುಗೆಮನೆಗೆ ಒಯ್ಯುತ್ತಿದ್ದಳು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ ನೋಡುವ ಹುಚ್ಚು ದೀಪುವಿಗೆ ಬಂತು. ಅಪ್ಪನಂಥ ಅಪ್ಪನೂ ಬೇಡ ಎನ್ನಲಿಲ್ಲ. ಹೊಸ ಫ್ರಿಜ್ಜು ಗುರ್ ಎಂದಿತು, ಫ್ಯಾನು ತಿರುಗಿತು, ಮಿಕ್ಸಿ ಒಂದು ಸುತ್ತು ಹಾಕಿತು, ಇಸ್ತ್ರಿಪೆಟ್ಟಿಗೆ ಹಾಕಿದ್ದೇ ಟಪ್ಪೆಂದು ಮನೆಯ ಫ್ಯೂಸ್ ಹೋಯಿತು. ಸದ್ದು ಕೇಳಿ ಬಾಗಿಲಿಗೆ ಬಂದ ಹಿಲ್ಡಾ ಆಂಟಿ ಹಾಲ್‌ನ ತುಂಬ ಹರಡಿದ ರಟ್ಟು, ಥರ್ಮಕೋಲು, ಕೆಂಪು ನೀರು, ಅಪ್ಪನ ಬಾತ ಕಣ್ಣು ಎಲ್ಲವನ್ನೂ ನೋಡಿದರು. ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ.

"ನನ್ನ ಮನೇಲಿ ಊಟ ಹಾಕ್ತೇನೆ. ಎಲ್ರೂ ಬನ್ನಿ," ಎಂದಷ್ಟೇ ಹೇಳಿ ಹೋದರು.

ಅವರ ಮನೆಯ ಬಾಗಿಲು ದಾಟುವ ಮೊದಲು ಅಮ್ಮ ಅಪ್ಪನ ಕಡೆ ತಿರುಗಿದಳು.

"ಟಿಕೇಟು ಹೋಗಿ ಬರುದಕ್ಕೆ, ರಿಟರ್ನ್ ಮಾಡ್ಸಿ," ಎಂದಳು.

ನಾವು ಇಲ್ಲಿ ಇದ್ದೇವಾ ಇಲ್ವಾ ಎಂಬ ಅವಳ ಪ್ರಶ್ನೆಗೆ ಅಪ್ಪ ಅವತ್ತೂ ಉತ್ತರ ಕೊಡಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ನಾವು ರಜೆಗೆ ಊರಿಗೆ ಹೋಗಿ ರಜೆ ಮುಗಿಸಿ ಬಂದೆವು. ಬರುವಷ್ಟರಲ್ಲಿ ಅಪ್ಪ ಎಸಿಯನ್ನು ಕಳಚಿ, ತೊಳೆದು, ಹೊರಕ್ಕೆ ಓರೆ ಮಾಡಿ ಕೂರಿಸಿದ್ದರು. ಖಾಲಿ ಪೆಟ್ಟಿಗೆಗಳನ್ನು ಅವರು 'ಖಲಾಸ್' ಎಂದು ಕೆಳಗೆ ಎಸೆದದ್ದನ್ನು, ರೂವಿಯ ಹಿಂದಿನ ಗುಡ್ಡದಿಂದ ಇಳಿಯುವ ಆಡುಗಳು ಬಂದು ಗಂಧ ಕುಂಕುಮ ಸಹಿತ ಆ ರಟ್ಟನ್ನು ತಿಂದು ಹೋದದ್ದನ್ನು ಹಿಲ್ಡಾ ಆಂಟಿ ವರ್ಣಿಸಿ ವರ್ಣಿಸಿ ಹೇಳಿದರು. ವಾಷಿಂಗ್ ಮಶಿನ್ನಿಗೆ ಅಂಗಡಿಯ ಗೋದಾಮಿನಿಂದ ಹಳೆಯ ಮೋಟಾರು ತಂದು ಅಪ್ಪನೇ ಕೂರಿಸಿದ್ದರು. ಅದು ಓಡುವಾಗ ಇಡೀ ಮಾಳಿಗೆಗೆ ಕೇಳುತ್ತಿತ್ತು, ತಿರುಗುತ್ತ ತಿರುಗುತ್ತ ಬಾಗಿಲಿನವರೆಗೆ ನಡೆದು ಬರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದು ನನ್ನ ಕೆಲಸ. ಆ ನಡುಕ ನನ್ನ ಮೊಣಕೈಯವರೆಗೆ ಏರುತ್ತಿತ್ತು. ಎಷ್ಟೋ ವರ್ಷ ಅದು ನಮ್ಮ ಬಟ್ಟೆ ಒಗೆಯಿತು. ಊರಿನ ಕೋಣೆಗೆ ಮಂಚ ಬಂತು, ನನ್ನ ಓದುವ ಮೇಜು ಬಂತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈಗ ಖುರುಮ್‌ನಲ್ಲಿ ನನ್ನ ಮನೆಯಲ್ಲಿ ಕೋಣೆಗೊಂದು ಎಸಿ ಇದೆ. ಗಂಡ ಒಂದು ಕೋಣೆಯಲ್ಲಿ, ಮಗ ಒಂದು ಕೋಣೆಯಲ್ಲಿ, ಅವರವರಿಗೆ ಬೇಕಾದಷ್ಟು ತಂಪು ಮಾಡಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಹೊಸ ಸಾಮಾನು ಬಂದರೆ ನಾನು ಚಪ್ಪಲಿ ಬಿಡುವ ಮೊದಲೇ ಪೆಟ್ಟಿಗೆ ಹರಿಯುತ್ತೇನೆ. ಮಗ ನಗುತ್ತಾನೆ, "ರಿಲ್ಯಾಕ್ಸ್ ಅಮ್ಮ, ಇಟ್ ವೋಂಟ್ ರನ್ ಅವೇ" ಎನ್ನುತ್ತಾನೆ. ಓಡಿಹೋಗುವುದು ಸಾಮಾನಲ್ಲ, ವರ್ಷಗಳು ಎಂದು ಅವನಿಗೆ ಹೇಳಬೇಕು ಎನಿಸುತ್ತದೆ, ಹೇಳುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಎಸಿ ಓಡುತ್ತಿದ್ದರೆ ಈಗಲೂ ಹೋಗಿ ನಿಲ್ಲಿಸುತ್ತೇನೆ. ಎಲ್ಲರೂ ಒಂದೇ ಕೋಣೆಯಲ್ಲಿ ಇರಬೇಕು ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ನನಗಿಲ್ಲ.

ಅಪ್ಪ ಕೆಲಸದಿಂದ ನಿವೃತ್ತರಾಗಿ ಊರಿಗೆ ಹೊರಟ ದಿನವೂ ಬೇಸಿಗೆಯೇ. ಉಡುಪಿಯ ಮನೆ ಎಂದೋ ಮುಗಿದಿತ್ತು. ಅಲ್ಲಿಗೆ ಬೇಕಾದದ್ದೆಲ್ಲ ಉಡುಪಿಯ ಅಂಗಡಿಗಳಲ್ಲೇ ಸಿಕ್ಕಿತ್ತು. ರೂವಿಯ ಮನೆಯ ಸಾಮಾನುಗಳನ್ನು ಒಮಾನಿನ ಒಳನಾಡಿನ ಇಬ್ರಿಯಿಂದ ವರ್ಗವಾಗಿ ಬರುತ್ತಿದ್ದ ಒಂದು ಕುಂದಾಪುರದ ಸಂಸಾರಕ್ಕೆ ಹಾಗೆಯೇ ಬಿಟ್ಟುಕೊಟ್ಟಿದ್ದರು. ಅವರು ಸಂಜೆಗೆ ಬರುವವರಿದ್ದರು. ನಾನು ವಿಮಾನ ನಿಲ್ದಾಣಕ್ಕೆ ಬಿಡಲು ಕಾರು ತಂದಿದ್ದೆ. ಸೂಟ್‌ಕೇಸುಗಳನ್ನು ಕೆಳಗೆ ಇಳಿಸಿಯಾಗಿತ್ತು. ಅಪ್ಪ ಊರಿನ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದರು. ಎಸಿ ಓಡುತ್ತಿತ್ತು. ಅಮ್ಮ ಅವರ ಪಕ್ಕಕ್ಕೆ ಹೋಗಿ ನಿಂತಳು.

"ಇನ್ನಾದ್ರೂ ಹೇಳಿ," ಎಂದಳು ಮೆಲ್ಲಗೆ. "ನಾವು ಇಲ್ಲಿ ಇದ್ದೆವಾ?"

ಅಪ್ಪನಿಗೆ ಯಾವ ಪ್ರಶ್ನೆ ಎಂದು ಕೇಳಬೇಕಾಗಲಿಲ್ಲ. ಅಷ್ಟು ವರ್ಷ ಅದು ಅವರ ಹತ್ತಿರವೇ ಇತ್ತು.

"ಇದ್ದೆವು," ಎಂದರು. ಅಮ್ಮನ ಕಡೆ ತಿರುಗಿ ಮತ್ತೊಮ್ಮೆ, "ಇದ್ದೆವು ಸುಮತಿ."

ನಾನು ಅಭ್ಯಾಸಬಲದಿಂದ ಎಸಿ ನಿಲ್ಲಿಸಲು ಕೈ ಚಾಚಿದೆ. ಅಪ್ಪ ನನ್ನ ಕೈ ಹಿಡಿದರು.

"ಇರ್ಲಿ ಮಗಾ. ಅವರಿಗೆ ಸಣ್ಣ ಮಕ್ಕಳುಂಟು. ಬರುವಾಗ ಮನೆ ತಂಪಿರ್ಲಿ."

ಕೆಳಗೆ ಬೀದಿಗೆ ಬಂದಾಗ ಅಮ್ಮ ಹೋಗಿ ಕಾರಿನಲ್ಲಿ ಕೂತಳು. ಅಪ್ಪ ಬರಲಿಲ್ಲ. ತಿರುಗಿ ನೋಡಿದೆ. ಅವರು ನಮ್ಮ ಕಿಟಕಿಯ ನೇರಕ್ಕೆ ಗೋಡೆಯ ಪಕ್ಕದಲ್ಲಿ ನಿಂತು ಕೈ ಒಡ್ಡಿದ್ದರು. ಎರಡನೇ ಮಾಳಿಗೆಯ ಎಸಿಯ ನೀರು, ಹೊರಗೆ, ತೊಟ್ಟು ತೊಟ್ಟಾಗಿ ಅವರ ಅಂಗೈಗೆ ಬೀಳುತ್ತಿತ್ತು.